ಒಡಕು ಕಂಚಿನ ಋಣ

ಅವ್ವನ ತವರೂರು ಹಿರೇಕೆರೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿಯ ಬಸವಣ್ಣನ ಗುಡಿಯ ಗಂಟೆ ಬಿರುಕು ಬಿಟ್ಟಿತು. ಕಂಚು ಒಮ್ಮೆ ಬಿರಿದರೆ ಸಾಮಾನ್ಯ ಬೆಸುಗೆ ಹಚ್ಚಿ ಪ್ರಯೋಜನವಿಲ್ಲ. ಕಣ್ಣಿಗೆ ಕೂಡಿದಂತೆ ಕಂಡರೂ ನಾದ ಕೂಡುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ಊರವರು ಸೇರಿದರು. ಒಡೆದದ್ದನ್ನು ಗುಜರಿಗೆ ತೂಗಿ ಹಾಕಿ ಪೇಟೆಯಿಂದ ಹೊಸ ಗಂಟೆ ತರೋಣ ಎಂದರು ಕೆಲವರು. ಇನ್ನು ಕೆಲವರು, ಮನೆಮನೆಯ ಅಟ್ಟದ ಮೇಲೆ ಕಂಚಿನ ಗಂಗಾಳಗಳು ಧೂಳು ತಿನ್ನುತ್ತಿವೆ, ಸ್ಟೀಲು ಬಂದಮೇಲೆ ಅವುಗಳಲ್ಲಿ ಉಣ್ಣುವವರಿಲ್ಲ, ಅವನ್ನೆಲ್ಲ ಕೂಡಿಸಿ ಹಳೆಯ ಗಂಟೆಯ ಜೊತೆ ಕರಗಿಸಿದರೆ ಮೊದಲಿಗಿಂತ ದೊಡ್ಡ ಗಂಟೆಯೇ ಆದೀತು ಎಂದರು. ಮಾತು ಅಲ್ಲಿಗೆ ಮುಗಿಯುವುದರಲ್ಲಿತ್ತು. ಆಗ ಹಿರಿಯರೊಬ್ಬರು ಎದ್ದು ನಿಂತರು.

“ಯಾರ್ಯಾರೋ ಉಂಡು ಬಿಟ್ಟ ಗಂಗಾಳ ಕರಗಿಸಿ ದೇವರಿಗೆ ಗಂಟಿ ಮಾಡೂದೇನ್ರಿ? ಆ ಎಂಜಲಾ ಎಲ್ಲಿಗೆ ಹೋತು?”

ಯಾರೂ ಉತ್ತರ ಕೊಡಲಿಲ್ಲ. ನನಗೂ ಆಗ ಹೊಳೆಯಲಿಲ್ಲ. ಆದರೆ ಪ್ರಶ್ನೆ ಸಣ್ಣದಲ್ಲ. ಬಳಸಿದ ವಸ್ತು ದೇವರಿಗೆ ಸಲ್ಲುತ್ತದೆಯೇ? ಪಾವಿತ್ರ್ಯ ಇರುವುದು ಲೋಹದಲ್ಲೋ, ಅದನ್ನು ಮಾಡಿದ ಕೈಯಲ್ಲೋ, ಮುಂದೆ ಅದನ್ನು ಬಳಸುವ ಬಗೆಯಲ್ಲೋ? ನಮ್ಮ ಸುತ್ತಿನ ಗುಡಿ, ಮಠ, ದರ್ಗಾಗಳಲ್ಲಿ ಈಗ ದಿನಾ ಎದುರಾಗುವ ಪ್ರಶ್ನೆ ಇದು. ಇದನ್ನು ಬಹಳ ಹಿಂದೆಯೇ ಎದುರಿಗಿಟ್ಟುಕೊಂಡು ಜಗಳವಾಡಿ, ಒಂದು ತೀರ್ಮಾನಕ್ಕೂ ಬಂದ ಜನರಲ್ಲಿ ಯೆಹೂದಿಗಳು ಮುಖ್ಯರು. ಅವರ ಕಥೆಯ ಒಂದು ತುಂಡು ನಮ್ಮ ಮಂಗಳೂರಿನಲ್ಲೇ ನಡೆದಿದೆ.

ಬೈಬಲ್ಲಿನ ವಿಮೋಚನಕಾಂಡದ 38ನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಾಕ್ಯವಿದೆ. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲರು ದೇವದರ್ಶನದ ಗುಡಾರವನ್ನು ಕಟ್ಟುತ್ತಾರೆ. ಕುಶಲಕರ್ಮಿ ಬೆಚಲೇಲನ ಕೈಯಲ್ಲಿ ಎಲ್ಲ ಸಾಮಗ್ರಿ ತಯಾರಾಗುತ್ತದೆ. ಪುರೋಹಿತರು ಕೈಕಾಲು ತೊಳೆಯುವ ತಾಮ್ರದ ದೊಡ್ಡ ತೊಟ್ಟಿಯನ್ನು ಹೊಸ ಲೋಹದಿಂದ ಮಾಡಲಿಲ್ಲ. ಹೆಂಗಸರ ಕನ್ನಡಿಗಳನ್ನು ಕರಗಿಸಿ ಮಾಡಿದರು. ಆ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪು ಕೊಟ್ಟ ಲೋಹದ ತಗಡು.

11ನೆಯ ಶತಮಾನದ ಫ್ರಾನ್ಸಿನಲ್ಲಿದ್ದ ವ್ಯಾಖ್ಯಾನಕಾರ ರಾಶಿ, ಹಳೆಯ ಪರಂಪರೆಯೊಂದನ್ನು ಎತ್ತಿಕೊಂಡು ಈ ವಾಕ್ಯವನ್ನು ಬಿಡಿಸುತ್ತಾನೆ. ಕನ್ನಡಿಗಳನ್ನು ಕಂಡು ಇಸ್ರಾಯೇಲರ ಮುಖಂಡ ಮೋಶೆ ಹೇಸಿದನಂತೆ. ಅಲಂಕಾರಕ್ಕೆ, ಆಸೆ ಕೆರಳಿಸುವುದಕ್ಕೆ ಬಳಸಿದ್ದು ದೇವರ ಸನ್ನಿಧಿಗೆ ಹೇಗೆ ಬಂದೀತು ಎಂದನಂತೆ. ನಮ್ಮ ಕಟ್ಟೆಯ ಮೇಲಿನ ಹಿರಿಯರ ಪ್ರಶ್ನೆಯೇ ಅದು. ದೇವರು ಕೊಟ್ಟ ಉತ್ತರ ಹೀಗಿದೆ: ಬಂದ ಕಾಣಿಕೆಗಳಲ್ಲೆಲ್ಲ ನನಗೆ ಇವೇ ಹೆಚ್ಚು ಪ್ರೀತಿ. ಈಜಿಪ್ಟಿನಲ್ಲಿ ಗಂಡಸರು ದುಡಿದು ಸೋತು ಬಿದ್ದಿದ್ದಾಗ ಹೆಂಗಸರು ಹೊಲಕ್ಕೆ ಅನ್ನ ನೀರು ಹೊತ್ತುಕೊಂಡು ಹೋಗಿ, ಈ ಕನ್ನಡಿಗಳನ್ನು ಹಿಡಿದು ಗಂಡಂದಿರನ್ನು ನಗಿಸಿ, ಅವರಲ್ಲಿ ಬಾಳುವ ಆಸೆ ಹುಟ್ಟಿಸಿದರು. ಆ ಕುಲ ಉಳಿದದ್ದು ಇವುಗಳಿಂದ. ತೊಟ್ಟಿಗೆ ಬೆಲೆ ಬಂದದ್ದು ಅದರ ತಾಮ್ರ ಹಿಂದೆ ಏನು ಮಾಡಿತ್ತು ಎಂಬುದರಿಂದ. ಉಂಡ ಗಂಗಾಳದ ವಿಚಾರವೂ ಹೀಗೇ ಎಂದು ನನಗೆ ತೋರುತ್ತದೆ. ಅದರಲ್ಲಿ ಎಷ್ಟು ಬಾಣಂತಿಯರು ಉಂಡಿದ್ದಾರೆ, ಎಷ್ಟು ಬರಗಾಲದಲ್ಲಿ ಅದು ಅರ್ಧ ತುಂಬಿದೆ! ದೇವರ ಎದುರು ಬಾರಿಸುವುದಕ್ಕೆ ಇದಕ್ಕಿಂತ ಯೋಗ್ಯವಾದ ಕಂಚು ಎಲ್ಲಿ ಸಿಕ್ಕೀತು?

ಎಂಜಲಿನ ಮಾತಿಗೂ ಉತ್ತರವಿದೆ. ಯುದ್ಧದಲ್ಲಿ ಸಿಕ್ಕ ಪಾತ್ರೆಗಳನ್ನು ಏನು ಮಾಡಬೇಕೆಂದು ಬೈಬಲ್ಲಿನ ಅರಣ್ಯಕಾಂಡ ಹೇಳುತ್ತದೆ: ಬಂಗಾರ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ ಇವನ್ನು ಬೆಂಕಿ ದಾಟಿಸಿದರೆ ಶುದ್ಧ. ಮೈಲಿಗೆಯಾದ ಮಣ್ಣಿನ ಪಾತ್ರೆಯನ್ನು ಮಾತ್ರ ಒಡೆಯಲೇಬೇಕು ಎನ್ನುತ್ತದೆ ಯಾಜಕಕಾಂಡ. ನಮ್ಮ ಅಜ್ಜಿಯರ ಮಡಿಯ ಲೆಕ್ಕವೂ ಇದೇ ಇತ್ತು. ಗ್ರಹಣ ಕಳೆದಮೇಲೆ, ಸೂತಕ ಕಳೆದಮೇಲೆ ಗಡಿಗೆಯನ್ನು ಹೊರಗೆ ಎಸೆಯುತ್ತಿದ್ದರು. ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಒಳಗೆ ತರುತ್ತಿದ್ದರು. ಮಣ್ಣು ಹೀರಿಕೊಳ್ಳುತ್ತದೆ, ಲೋಹ ಹೀರುವುದಿಲ್ಲ. ಸಾವಿರಾರು ಮೈಲಿ ದೂರದ ಎರಡು ಅಡಿಗೆಮನೆಗಳು ಒಂದೇ ಅನುಭವದಿಂದ ಒಂದೇ ತೀರ್ಪಿಗೆ ಬಂದಿವೆ. ತಿಕ್ಕಿದರೇ ಶುದ್ಧವಾಗುವುದು ಸಾವಿರ ಡಿಗ್ರಿಯ ಮೂಸೆಯಿಂದ ಎದ್ದು ಬಂದಮೇಲೂ ಎಂಜಲಾಗಿ ಉಳಿಯುತ್ತದೆಯೇ?

ಈಗ ಮಂಗಳೂರಿಗೆ ಬರೋಣ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಉತ್ತರ ಆಫ್ರಿಕದ ಟ್ಯುನೀಸಿಯದ ಮಹ್ದಿಯಾ ಪಟ್ಟಣದವನು. ಏಡನ್ ಬಂದರಿನ ದಾರಿಯಾಗಿ ನಮ್ಮ ಕರಾವಳಿಗೆ ಬಂದು ಸುಮಾರು 17 ವರ್ಷ ಇಲ್ಲೇ ಬಾಳಿದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಅವನು ಬರೆದುಕೊಟ್ಟ ಪತ್ರ ಇವತ್ತಿಗೂ ಉಳಿದಿದೆ. 1149ರಲ್ಲಿ ಏಡನ್ನಿಗೆ ಮರಳಿದ. ಅಡಕೆ, ಮೆಣಸು, ಯಾಲಕ್ಕಿ, ಕಬ್ಬಿಣಗಳನ್ನು ಪಡುವಣಕ್ಕೆ ಕಳಿಸುವುದು ಅವನ ಕಸುಬು. ಅದರ ಜೊತೆಗೆ ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನ ಯೆಹೂದಿ ವ್ಯಾಪಾರಿಗಳು ಅವನಿಗೆ ತಾಮ್ರ, ತವರದ ಜೊತೆ ತಮ್ಮ ಮನೆಯ ಒಡಕು ಹೂಜಿ, ಸವೆದ ಬೋಗುಣಿಗಳನ್ನೂ ಹಡಗಿಗೆ ಹಾಕಿ ಕಳಿಸುತ್ತಿದ್ದರು. ಏನೇನು ಕಳಿಸಿದ್ದೇವೆ, ತೂಕವೆಷ್ಟು, ಅದರಿಂದ ಏನು ಮಾಡಬೇಕು ಎಂದು ಕಾಗದದಲ್ಲಿ ಬಿಡಿಸಿ ಬರೆಯುತ್ತಿದ್ದರು. ಲೋಹ ಅಲ್ಲಿಯದು, ಕೈ ನಮ್ಮ ಕರಾವಳಿಯ ಕಂಚುಗಾರರದು.

ಒಂದು ಕಾಗದದಲ್ಲಿ ದೀಪಸ್ತಂಭವೊಂದರ ಬೇಡಿಕೆಯಿದೆ. ಕಂಬಕ್ಕೆ ಎಂಟು ಮುಖವಿರಬೇಕು, ದಪ್ಪಗಿರಬೇಕು, ಕಾಲು ಗಟ್ಟಿಯಾಗಿರಬೇಕು, ತುದಿಗೆ ಎರಡು ಬತ್ತಿಯ ಹಣತೆ, ಅದು ಮೇಲೆ ಕೆಳಗೆ ಸರಿಯಬೇಕು, ಕಂಬ, ಪೀಠ, ಹಣತೆ ಮೂರೂ ಬಿಚ್ಚಿ ಜೋಡಿಸುವಂತಿರಬೇಕು. ಕಾಲುಗಳನ್ನು ಸುರುಳಿಯಾಗಿ ಮಾಡಲು ಬರುವಂತಿದ್ದರೆ ಹಾಗೇ ಮಾಡಿಸು, ಚೆಂದ ಕಾಣುತ್ತದೆ ಎಂಬ ಸೂಚನೆಯೂ ಇದೆ. ಈ ಕೊನೆಯ ಮಾತು ನನಗೆ ಬಹಳ ಇಷ್ಟ. ಯೆಹೂದಿ ಮನೆಯಲ್ಲಿ ದೀಪವೆಂದರೆ ಬರೀ ಬೆಳಕಿನ ಸಾಧನವಲ್ಲ. ಶುಕ್ರವಾರ ಸೂರ್ಯ ಮುಳುಗುವ ಮೊದಲು ದೀಪ ಹಚ್ಚುವುದು ವ್ರತ. ಆಮೇಲೆ ಮರುದಿನ ಕತ್ತಲಾಗುವವರೆಗೆ ಬೆಂಕಿ ಮುಟ್ಟುವಂತಿಲ್ಲ. ವ್ರತಕ್ಕೆ ಬೇಕಾದ ವಸ್ತು ಕೆಲಸಕ್ಕೆ ಬಂದರೆ ಸಾಲದು, ಚೆಲುವಾಗಿಯೂ ಇರಬೇಕು ಎಂಬುದು ಅವರ ಶಾಸ್ತ್ರ. ಅದಕ್ಕೆ ಹಿದ್ದುರ್ ಮಿಟ್ಸ್‌ವಾ ಎನ್ನುತ್ತಾರೆ. ಚೆಲುವು ಮಾಡುವ ಕೈಯಿಂದ ಬರಬೇಕು; ಲೋಹ ಹೊಚ್ಚ ಹೊಸತಾಗಿರಬೇಕೆಂದು ಶಾಸ್ತ್ರ ಕೇಳುವುದಿಲ್ಲ.

ಬೆನ್ ಯಿಜು ಮಂಗಳೂರಿನಲ್ಲಿ ಕುಲುಮೆ ನಡೆಸುತ್ತಿದ್ದ ಹೊತ್ತಿಗೆ ಘಟ್ಟದ ಮೇಲೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಆಳುತ್ತಿದ್ದ, 1126ರಿಂದ 1138ರವರೆಗೆ. ನಮ್ಮ ಹಾನಗಲ್ಲು ಆಗ ಪಾನುಂಗಲ್ಲು. ಅಲ್ಲಿಯ ಕದಂಬರು ಅವನ ಸಾಮಂತರು. ತಾರಕೇಶ್ವರ ಗುಡಿಯ ಕಲ್ಲಿನ ಕಮಲದ ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಆ ಕಾಲದ ಕೈಯ ಬಲ ಗೊತ್ತು. ಆ ಸೋಮೇಶ್ವರನೇ ಬರೆಸಿದ ಮಾನಸೋಲ್ಲಾಸ ಎಂಬ ಗ್ರಂಥದಲ್ಲಿ ಎರಕದ ವಿಧಾನ ಬಂದಿದೆ. ಮೇಣದಲ್ಲಿ ಮೂರ್ತಿ ಮಾಡು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಬಳಿ. ಕಾಯಿಸಿ ಮೇಣ ಇಳಿಸು. ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯಿ. ಮೇಣದ ತೂಕದಿಂದ ಲೋಹದ ತೂಕ ಗೊತ್ತು ಮಾಡುವ ಲೆಕ್ಕವೂ ಅದರಲ್ಲಿದೆ. ಕೆಳಗೆ ಕರಾವಳಿಯಲ್ಲಿ ಪರದೇಶದ ಒಡಕು ಹೂಜಿ ಕರಗುತ್ತಿತ್ತು, ಮೇಲೆ ದೇವರ ಮೂರ್ತಿಗೆ ಮೇಣ ಕರಗುತ್ತಿತ್ತು. ಕಂಚು ಎರಡೂ ಕಡೆ ಒಂದೇ.

ಅದೇ ಶತಮಾನದಲ್ಲಿ ನಮ್ಮ ಶರಣರು ಬೇರೊಂದು ಪ್ರಶ್ನೆ ಎತ್ತಿದರು. ಬೆಂಕಿಗೆ ಸೋಲುವ, ಹಣದ ಅಡಚಣೆಗೆ ಮಾರಾಟವಾಗುವ ಲೋಹದ ದೇವರನ್ನು ಬಸವಣ್ಣ ಒಪ್ಪಲಿಲ್ಲ. ಆ ಶರಣರಲ್ಲೊಬ್ಬನಾದ ಏಕಾಂತದ ರಾಮಯ್ಯನ ಅಬಲೂರು ಇರುವುದು ಹಿರೇಕೆರೂರು ತಾಲ್ಲೂಕಿನಲ್ಲೇ. ಶರಣರ ಈ ಮಾತು ನಮ್ಮವರಿಗೆ ರಕ್ತಗತ. ಹಾಗಾದರೆ ಗಂಟೆಯ ಸಲುವಾಗಿ ಇಷ್ಟು ಚರ್ಚೆ ಯಾಕೆ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಯೆಹೂದಿ ಚರಿತ್ರೆಯಲ್ಲೂ ಈ ಎಚ್ಚರವಿದೆ. ಮೋಶೆಯೇ ಮಾಡಿದ್ದೆನ್ನುವ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದಾಗ ಹಿಜ್ಕೀಯ ರಾಜ ಅದನ್ನು ಒಡೆದು ಚೂರು ಮಾಡಿಸಿದ. ತೊಟ್ಟಿಗೆ ಕನ್ನಡಿ ಕೊಟ್ಟ ಅದೇ ಜನರೇ ಸ್ವಲ್ಪ ಮೊದಲು ಕಿವಿಯ ಮುರುವುಗಳನ್ನು ಬಿಚ್ಚಿಕೊಟ್ಟು ಬಂಗಾರದ ಕರು ಎರಕ ಹೊಯ್ಸಿಕೊಂಡು ಅದರ ಸುತ್ತ ಕುಣಿದಿದ್ದರು. ಮರುಬಳಕೆ ಎಂದ ಮಾತ್ರಕ್ಕೆ ಎಲ್ಲವೂ ಪುಣ್ಯವಾಗುವುದಿಲ್ಲ. ಕರು ತನ್ನನ್ನೇ ಪೂಜಿಸು ಎಂದಿತು. ತೊಟ್ಟಿ ಕೈ ತೊಳೆದುಕೊಂಡು ಒಳಗೆ ಹೋಗು ಎಂದಿತು.

ಈ ವ್ಯತ್ಯಾಸ ನಮ್ಮ ಮನೆಗಳಲ್ಲೂ ಇದೆ. ಇಷ್ಟಲಿಂಗ ಲೋಹದ್ದಲ್ಲ, ಅದನ್ನು ಇಡುವ ಕರಡಿಗೆ ಬೆಳ್ಳಿಯದು. ನನ್ನ ಅಜ್ಜನ ಇಷ್ಟಲಿಂಗ ಅಜ್ಜನ ಅಂಗೈಯಲ್ಲೇ ಸಮಾಧಿಗೆ ಹೋಯಿತು. ಕರಡಿಗೆ ಉಳಿಯಿತು. ಅವ್ವ ಅದಕ್ಕೆ ತನ್ನ ಹಳೆಯ ಕಾಲುಂಗುರ ಸೇರಿಸಿ ಪತ್ತಾರರ ಹತ್ತಿರ ಕರಗಿಸಿ, ದೀಕ್ಷೆಗೆ ನಿಂತ ಮೊಮ್ಮಗಳಿಗೆ ಸಣ್ಣ ಕರಡಿಗೆ ಮಾಡಿಸಿದಳು. ಯೆಹೂದಿಗಳ ಬಾಗಿಲ ಚೌಕಟ್ಟಿಗೆ ಹೊಡೆದಿರುವ ಮೆಝೂಝಾವನ್ನು ಬಲ್ಲವರಿಗೆ ಇದು ತಕ್ಷಣ ತಿಳಿದೀತು. ಒಳಗಿರುವುದು ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ದೇವರ ಮಾತು. ಅದು ಪವಿತ್ರ, ಅದರ ಒಂದಕ್ಷರ ಅಳಿಸಿದರೂ ಸಲ್ಲುವುದಿಲ್ಲ. ಹೊರಗಿನ ಕವಚ ತವರದ್ದಾಗಬಹುದು, ಹಿತ್ತಾಳೆಯದ್ದಾಗಬಹುದು, ಹಳೆಯ ನಲ್ಲಿಯ ತುಂಡಿನದೂ ಆಗಬಹುದು. ಅದು ಸೇವೆಯ ವಸ್ತು. ಒಳಗಿನದನ್ನು ಕಾಯುವುದಕ್ಕಷ್ಟೇ ಅದರ ಗೌರವ. ಈ ಗೆರೆ ಸರಿಯಾಗಿದ್ದರೆ ಶರಣರ ಮಾತಿಗೂ ಕರಡಿಗೆಯ ಕುಸುರಿಗೂ ವಿರೋಧವಿಲ್ಲ.

ಬಡತನದಲ್ಲಿ ಈ ಗೆರೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಗ್ರೀಕ್ ಅರಸರಿಂದ ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದಾಗ ಮಕ್ಕಬಿಯರೆಂಬ ಯೆಹೂದಿ ಯೋಧರ ಕೈಯಲ್ಲಿ ಬಂಗಾರವಿರಲಿಲ್ಲ. ಕಬ್ಬಿಣದ ಸಲಾಕೆಗಳಿಗೆ ತವರ ಹೊದಿಸಿ ಏಳು ಕವಲಿನ ದೀಪ ಮಾಡಿದರಂತೆ. ಕೈಗೆ ಬಂದಾಗ ಬೆಳ್ಳಿಯದು, ಆಮೇಲೆ ಬಂಗಾರದ್ದು. ಯೆಹೂದಿಗಳ ಶಾಸ್ತ್ರಗ್ರಂಥ ತಾಲ್ಮೂದಿನಲ್ಲಿ ಇದು ದಾಖಲಾಗಿದೆ. ಇವತ್ತು ಗುಜರಿ ಲೋಹದಿಂದ ಕೈಯಾರೆ ಯೆಹೂದಿ ದೀಪ, ಪಾನಪಾತ್ರೆ ಮಾಡುವ ಕಲಾವಿದರು ಜಗತ್ತಿನ ಹಲವೆಡೆ ಇದ್ದಾರೆ. ಅವರು ಹೊಸ ಫ್ಯಾಷನ್ ಹುಟ್ಟುಹಾಕಿದವರಲ್ಲ, ಆ ಸಲಾಕೆಗಳ ವಂಶದವರು.

ಯೆಹೂದಿಗಳ ಲೋಹಕ್ಕೂ ನಮ್ಮ ಕಡೆಯ ಲೋಹಕ್ಕೂ ಇನ್ನೊಂದು ಹೋಲಿಕೆಯಿದೆ. ಸವಣೂರಿನ ಕಡೆಯ ಮೊಹರಂ ನೋಡಿದವರಿಗೆ ನಾನು ಲೋಹದ ಕೈಯ ಬಗ್ಗೆ ಹೇಳಬೇಕಾಗಿಲ್ಲ. ವರ್ಷವಿಡೀ ಪೆಟ್ಟಿಗೆಯಲ್ಲಿರುವ ಪಂಜಾಗಳನ್ನು ಹೊರಗೆ ತೆಗೆದು, ತೊಳೆದು, ಬಟ್ಟೆ ಉಡಿಸಿ ದೇವರು ಕೂಡಿಸುತ್ತಾರೆ. ಐದು ಬೆರಳು ಪ್ರವಾದಿಯ ಮನೆತನದ ಐವರಿಗೆ. ಹರಕೆ ಹೊತ್ತವರಲ್ಲಿ ಮುಸಲ್ಮಾನರಷ್ಟೇ ಹಿಂದೂಗಳೂ ಇರುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರು, 1819ರಿಂದ 1889ರವರೆಗೆ ಬಾಳಿದವರು, ಬ್ರಾಹ್ಮಣ ಗುರುವಿನ ಶಿಷ್ಯರಾಗಿ ಮೊಹರಮ್ಮಿಗೆ ರಿವಾಯತ್ ಪದ ಕಟ್ಟಿಕೊಟ್ಟ ನೆಲ ಇದು. ಬೆನ್ ಯಿಜುವಿನ ಟ್ಯುನೀಸಿಯದ ಯೆಹೂದಿಗಳಲ್ಲೂ ಬೆಳ್ಳಿ, ಹಿತ್ತಾಳೆಯ ಇಂಥದೇ ಕೈ ಇದೆ. ಅರಬ್ಬಿಯಲ್ಲಿ ಅದಕ್ಕೆ ಖಮ್ಸಾ, ಅಂದರೆ ಐದು. ಬಾಗಿಲಿಗೆ, ತೊಟ್ಟಿಲಿಗೆ, ದೀಪಕ್ಕೆ ಅದನ್ನು ಕಟ್ಟುತ್ತಾರೆ. ಐದು ಬೆರಳಿನ ಅರ್ಥ ಆಯಾ ಜನಕ್ಕೆ ಬೇರೆ. ಕಾಪಾಡು ಎಂದು ಬೇಡುವ ಕೈ ಒಂದೇ ತರಹದ್ದು.

ಇಷ್ಟಾದರೂ ಕಂಡದ್ದನ್ನೆಲ್ಲ ಕರಗಿಸಿ ಎಂದು ನಾನು ಹೇಳಲಾರೆ. ಒಂದು ತೊಡಕು ಲೋಹದ್ದೇ. ಅವ್ವನ ಊರಿನ ಗಂಗಾಳಗಳನ್ನು ದೂರದ ಪೇಟೆಯ ಎರಕದವರ ಹತ್ತಿರ ಒಯ್ದಾಗ ಅವರು ಒಂದೊಂದನ್ನೂ ಕೈಗೆತ್ತಿಕೊಂಡು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಅನುಮಾನ ಬಂದದ್ದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರು. ಒಡೆದು ಬೂದು ಬಣ್ಣದ ಅಂಚು ತೋರಿದ್ದು ಕಂಚು. ಬಾಗಿ ಹಳದಿ ತೋರಿದ್ದು ಹಿತ್ತಾಳೆ. ಹಿತ್ತಾಳೆಯನ್ನೆಲ್ಲ ಬದಿಗಿಟ್ಟರು. ಗಂಟೆಗೆ ಬೇಕಾದದ್ದು ತಾಮ್ರ ಮುಕ್ಕಾಲು ಪಾಲಿಗೂ ತುಸು ಹೆಚ್ಚು, ಉಳಿದದ್ದು ತವರ. ನಾದ ಬರುವುದು ಆ ತವರದಿಂದ. ಹಿತ್ತಾಳೆಯಲ್ಲಿರುವುದು ಸತು. ಅದು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ನಡುವೆ ಯಾರೋ ಭಕ್ತಿಯಿಂದ ಹಾಕಿದ್ದ ಒಂದು ಹಳೆಯ ನಲ್ಲಿ ಸಿಕ್ಕಿತು. ಹಳೆಯ ನಲ್ಲಿಗಳ ಹಿತ್ತಾಳೆಯಲ್ಲಿ ಸೀಸ ಬೆರೆತಿರುತ್ತದೆ. ಗಂಟೆಯ ನಾದವನ್ನು ಅದು ಕೆಡಿಸುತ್ತದೆ. ತೀರ್ಥದ ಪಾತ್ರೆಗೋ ಪಂಚಾಮೃತದ ಬಟ್ಟಲಿಗೋ ಸೇರಿದರೆ ಮೊಸರಿನ ಹುಳಿಗೆ ಸೀಸ ಬಿಟ್ಟುಕೊಂಡು ಭಕ್ತರ ಹೊಟ್ಟೆಗೇ ಹೋದೀತು. ಬಾಗಿಲಿಗೆ ಹೊಡೆಯುವ ಕವಚಕ್ಕೆ ಆದೀತು, ಬಾಯಿಗೆ ತಾಗುವುದಕ್ಕೆ ಆಗದು. ಆದ್ದರಿಂದ ಲೋಹ ಎಲ್ಲಿಂದ ಬಂತು ಎಂದು ತಿಳಿದಿರುವುದು ಧರ್ಮದ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಹೌದು. ಹೆಸರಿಲ್ಲದ ಗುಜರಿಯ ರಾಶಿಗೂ ಮನೆಯವರು ತಂದುಕೊಟ್ಟ ಗಂಗಾಳಕ್ಕೂ ಇರುವ ಅಂತರ ಇದು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಎರಕದ ಕೂಲಿ, ಸಾಗಾಟ ಎಲ್ಲ ಸೇರಿದರೆ ಕೆಲವೊಮ್ಮೆ ಅಂಗಡಿಯ ಗಂಟೆಯೇ ಅಗ್ಗ ಬಿದ್ದೀತು. ಹಾಗಿದ್ದರೆ ಸಣ್ಣ ಗಂಟೆ ಮಾಡಿಸೋಣ ಎನ್ನುತ್ತೇನೆ ನಾನು. ಹಣ ಕೊಟ್ಟು ತಂದ ದೊಡ್ಡ ಗಂಟೆಯ ಮೇಲೆ ದಾನಿಯೊಬ್ಬರ ಹೆಸರಿರುತ್ತದೆ. ಊರ ಗಂಗಾಳಗಳ ಗಂಟೆ ಎಷ್ಟು ಸಣ್ಣದಾದರೂ ಇಡೀ ಊರಿನದು.

ಇನ್ನೊಂದು ತೊಡಕು ನನ್ನನ್ನು ಹೆಚ್ಚು ಕಾಡಿದ್ದು. ಕರಗಿದರೆ ಅಕ್ಷರ ಹೋಗುತ್ತದೆ. ಹಳೆಯ ಗಂಟೆಯ ಮೇಲಿನ ಒಂದು ಸಾಲು, ತಾಮ್ರದ ತಗಡಿನ ಮೇಲಿನ ದತ್ತಿ, ಪ್ರಭಾವಳಿಯ ಹಿಂಬದಿಯಲ್ಲಿ ಕೊರೆದ ಶಕ ವರ್ಷ ಇವು ಮೂಸೆಗೆ ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಕೊಚ್ಚಿಯ ಯೆಹೂದಿಗಳು ತಮ್ಮ ಮುಖಂಡ ಜೋಸೆಫ್ ರಬ್ಬಾನನಿಗೆ ಚೇರ ಅರಸ ಕೊಟ್ಟ ತಾಮ್ರಪಟಗಳನ್ನು ಕಾಪಾಡಿಕೊಂಡು ಬಂದರು, ಸುಮಾರು ಸಾವಿರ ವರ್ಷ ಹಳೆಯವು. ಎಷ್ಟೋ ಸಲ ಅವರಿಗೆ ತಾಮ್ರ ಬೇಕಾಗಿದ್ದಿರಬೇಕು. ಆ ತಾಮ್ರವನ್ನು ಮಾತ್ರ ಅವರು ಕರಗಿಸಲಿಲ್ಲ. ಬೆನ್ ಯಿಜುವಿನ ಕಥೆ ನಮಗೆ ಗೊತ್ತಾದದ್ದೂ ಇಂಥದೇ ಕಟ್ಟುನಿಟ್ಟಿನಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯೆಹೂದಿಗಳು ಹರಿದು ಎಸೆಯುವುದಿಲ್ಲ, ಗೆನಿಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಕೈರೋದ ಹಳೆಯ ಭಾಗವಾದ ಫುಸ್ತಾತಿನ ಬೆನ್ ಎಜ್ರಾ ಸಿನಗಾಗಿನ ಅಂಥ ಕೋಣೆಯಲ್ಲಿ ಅವನ ಕಾಗದಗಳೂ ಬಿದ್ದಿದ್ದವು. 1896–97ರಲ್ಲಿ ವಿದ್ವಾಂಸ ಸೋಲೊಮನ್ ಶೆಕ್ಟರ್ ಆ ರಾಶಿಯ ಬಹುಪಾಲನ್ನು ಕೇಂಬ್ರಿಜಿಗೆ ಒಯ್ದರು. ಚರಿತ್ರಕಾರ ಎಸ್.ಡಿ. ಗೊಯ್ಟೈನ್ ಅವುಗಳಲ್ಲಿ ಭಾರತದ ವ್ಯಾಪಾರಿಗಳ ಕಾಗದಗಳನ್ನು ಹುಡುಕಿ ಜೋಡಿಸಿದರು. 1992ರಲ್ಲಿ ಲೇಖಕ ಅಮಿತಾವ್ ಘೋಷ್ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮಂಗಳೂರಿನಲ್ಲಿ ಮಾಡಿದ ಹೂಜಿ, ಬೋಗುಣಿಗಳು ಎಷ್ಟು ಸಲ ಕರಗಿ ಬೇರೆ ಏನೇನಾದವೋ! ಅವನ್ನು ಬೇಡಿದ ಕಾಗದ ಉಳಿದಿದೆ. ಲೋಹವನ್ನು ಬಿಟ್ಟುಕೊಡು, ಅಕ್ಷರವನ್ನು ಬಿಡಬೇಡ. ಯೆಹೂದಿಗಳ ಬಾಳು ನನಗೆ ಕಲಿಸಿದ್ದು ಇದನ್ನು.

ಅರಣ್ಯಕಾಂಡದಲ್ಲಿ ಇನ್ನೊಂದು ಸಂಗತಿಯಿದೆ. ಮೋಶೆಯ ವಿರುದ್ಧ ಕೋರಹ ಎಬ್ಬಿಸಿದ ದಂಗೆಯಲ್ಲಿ ಸತ್ತ 250 ಮಂದಿಯ ಧೂಪಾರತಿಗಳನ್ನು ಬಡಿದು ತಗಡು ಮಾಡಿ ಯಜ್ಞವೇದಿಗೆ ಹೊದಿಸಿದರು, ನೋಡಿದವರಿಗೆಲ್ಲ ನೆನಪಿರಲಿ ಎಂದು. ತಪ್ಪಿನ ಲೋಹವನ್ನೂ ಎಸೆಯಲಿಲ್ಲ, ಅದರ ಕಥೆಯನ್ನೂ ಅಳಿಸಲಿಲ್ಲ. ನಮ್ಮ ಗುಡಿಗಳಲ್ಲಿ ಹರಕೆಯ ಬೆಳ್ಳಿ ಕಣ್ಣು, ಬೆಳ್ಳಿ ತೊಟ್ಟಿಲುಗಳನ್ನು ಕೂಡಿಸಿ ದೇವರ ಕವಚ ಮಾಡಿಸುತ್ತಾರೆ. ಕವಚ ನೋಡುವವರಿಗೆ ಅದರೊಳಗೆ ಯಾರ ಕಣ್ಣುಬೇನೆ, ಯಾರ ಬಂಜೆತನದ ದುಃಖ ಕರಗಿದೆ ಎಂದು ಹೇಳುವ ಒಂದು ವಹಿಯಾದರೂ ಗುಡಿಯಲ್ಲಿರಬೇಡವೇ?

ಗಂಗಾಳಗಳನ್ನು ಎರಕಕ್ಕೆ ಒಯ್ಯುವ ಹಿಂದಿನ ದಿನ ನಾನು ಗುಡಿಯ ಕಟ್ಟೆಯ ಮೇಲೆ ಒಂದು ಉದ್ದನೆಯ ವಹಿ ತೆಗೆದುಕೊಂಡು ಕುಳಿತೆ. ನಮ್ಮ ಕಡೆ ಮದುವೆಯ ಪಾತ್ರೆಗಳ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಹೊಡೆಸುವ ಪದ್ಧತಿ. ಹಾಳೆಯನ್ನು ಅದರ ಮೇಲಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಕೆಳಗೆ ಕೊಟ್ಟವರ ಹೆಸರು, ಮನೆತನ, ತೂಕ ಬರೆದೆ. ಎಂಜಲಿನ ಮಾತೆತ್ತಿದ್ದ ಹಿರಿಯರೂ ಬಂದು ಪಕ್ಕದಲ್ಲಿ ಕುಳಿತರು. ಮಾತಿಲ್ಲದೆ ಒಂದೊಂದೇ ಗಂಗಾಳವನ್ನು ಒರೆಸಿ ನನ್ನ ಕೈಗೆ ಕೊಡತೊಡಗಿದರು.

ಸಂಜೆಯ ಹೊತ್ತಿಗೆ ಒಬ್ಬ ಮುದುಕಿ ಸೆರಗಿನಲ್ಲಿ ಸುತ್ತಿಕೊಂಡು ಒಂದು ಗಂಗಾಳ ತಂದಳು. ಅದರ ಅಂಚಿಗೆ ಮೂರು ಹೆಸರುಗಳಿದ್ದವು, ಒಂದರ ಕೆಳಗೊಂದು, ಮೂರೂ ಹೆಂಗಸರವು. ಮೇಲಿನದು ಸವೆದು ಅರ್ಧ ಹೋಗಿತ್ತು. ಅವಳಿಗೆ ಓದು ಬಾರದು. ಏನ ಬರದಾರ ಓದ್ರಿ ಎಂದಳು. ಓದಿದೆ. ನಡುವಿನ ಹೆಸರು ಬಂದಾಗ, “ನಮ್ಮವ್ವ,” ಎಂದಳು. ಮತ್ತೊಮ್ಮೆ ಓದಿಸಿದಳು. ನಾನು ಹಾಳೆ ಇಟ್ಟು ಉಜ್ಜಿ ಮೂರು ಹೆಸರನ್ನೂ ಎಬ್ಬಿಸಿ ತೋರಿಸಿದೆ. ಬೆರಳಿನಿಂದ ಆ ಕಾಗದವನ್ನು ಸವರಿದಳು.

“ಬರಕೊಂಡ್ರೇನು?”

“ಬರಕೊಂಡೇನಬೇ.”

“ಹಂಗಾರ ಒಯ್ರಿ,” ಎಂದು ತಾನೇ ಗಂಗಾಳವನ್ನೆತ್ತಿ ರಾಶಿಯ ಮೇಲಿಟ್ಟಳು.